ತೇಜಸ್ ಲೆಕ್ಕ: ಭಾಗಾಕಾರ ಬಿಟ್ಟ ಮೇಲೆ ತಾಳೆಯಾಯಿತು

ವಾಯುಪಡೆಗೆ 97 ತೇಜಸ್ ಮಾರ್ಕ್ 1ಎ ಯುದ್ಧವಿಮಾನ ಕೊಳ್ಳುವ ಒಪ್ಪಂದ, ತೆರಿಗೆ ಬಿಟ್ಟು, 60ರಿಂದ 65 ಸಾವಿರ ಕೋಟಿಯೊಳಗೆ ಬರುತ್ತದೆ ಎಂದು 2024ರಲ್ಲೇ ಬರೆದಿಟ್ಟಿದ್ದೆ. ಗೆಳೆಯರು ನಕ್ಕರು. 2025ರ ಸೆಪ್ಟೆಂಬರ್‌ನಲ್ಲಿ 62,370 ಕೋಟಿಗೆ ಸಹಿ ಬಿತ್ತು. ಈಗ ಹೇಗೆ ಮಾಡಿದೆ ಎಂದು ಅವರೇ ಕೇಳುತ್ತಿದ್ದಾರೆ.

ಮೊದಲು ನಾನೂ ಎಡವಿದ್ದೆ. 2021ರಲ್ಲಿ ಇಂಥದೇ 83 ವಿಮಾನಕ್ಕೆ ಸಂಪುಟ ಒಪ್ಪಿದ್ದು ಸುಮಾರು 45,700 ಕೋಟಿ. ಭಾಗಿಸಿದೆ, ಒಂದಕ್ಕೆ 550 ಕೋಟಿ ಬಂತು. ಅದನ್ನೇ ವಾಟ್ಸಾಪ್‌ನಲ್ಲಿ ಹಾಕಿ ಜಗಳಕ್ಕೂ ಇಳಿದೆ. ಆಮೇಲೆ ವಿಮಾನ ತಯಾರಿಸುವ ಎಚ್‌ಎಎಲ್ ಬಿಡಿಸಿ ಹೇಳಿತು: ವಿಮಾನಗಳಿಗೆ ಸುಮಾರು 25 ಸಾವಿರ ಕೋಟಿ, ನೆಲದ ಸಲಕರಣೆ ಮತ್ತು ನೆಲೆಗಳ ಸೌಕರ್ಯಕ್ಕೆ 11 ಸಾವಿರ, ಸುಂಕ-ಜಿಎಸ್‌ಟಿಗೇ 7 ಸಾವಿರ. ಒಂದು ಫೈಟರ್‌ನ ಬೆಲೆ 309 ಕೋಟಿ. ಹಾಕಿದ ಮೆಸೇಜ್ ಅಳಿಸಿದೆ, ಆದರೆ ಸ್ಕ್ರೀನ್‌ಶಾಟ್ ಗೆಳೆಯರ ಹತ್ತಿರ ಇತ್ತು.

ಎರಡನೇ ತಪ್ಪಿಗೆ ದುಡ್ಡೂ ಹೋಯಿತು. ವಿದೇಶಿ ಡೇಟಾಬೇಸ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ, ಹದಿನೆಂಟು ಸಾವಿರದ ಹತ್ತಿರ. ಅದರಲ್ಲಿ ಎಲ್ಲ ಬೆಲೆಯೂ ಡಾಲರ್‌ನಲ್ಲಿ, ಅದೂ ಯಾವ ವರ್ಷದ ಡಾಲರ್ ಎಂದೇ ಇಲ್ಲ. ಬಿಟ್ಟಿ ಸಿಗುವ ಬಜೆಟ್ ಪುಸ್ತಕ, ಸಂಸದೀಯ ಸ್ಥಾಯಿ ಸಮಿತಿ ವರದಿಗಳೇ ಇದಕ್ಕಿಂತ ವಾಸಿ.

ಕೊನೆಗೆ ಮಾಡಿದ್ದಿಷ್ಟು. ತೆರಿಗೆ ತೆಗೆದೆ. ಉಳಿದದ್ದನ್ನು ರೂಪಾಯಿ ಪಾಲು, ಡಾಲರ್ ಪಾಲು ಎಂದು ಒಡೆದೆ. ಡಾಲರ್ ಕಡೆಗೆ ಆಧಾರ ಎಂಜಿನ್: 2021ರಲ್ಲಿ ಅಮೆರಿಕದ 99 ಎಫ್404 ಎಂಜಿನ್‌ಗೆ 5,375 ಕೋಟಿ, ಅಂದರೆ ಒಂದಕ್ಕೆ 54 ಕೋಟಿ. ಆಮೇಲಿನ ಬೆಲೆಯೇರಿಕೆಗೆ ಎರಡೂ ಪಾಲನ್ನು ಬೇರೆ ಬೇರೆ ದರದಲ್ಲಿ ಏರಿಸಿದೆ. ಯಾವ ಪಾಲು ಎಷ್ಟು ಅಂತ ಮಾತ್ರ ಹೇಳಲ್ಲ, ಅದಕ್ಕೆ ನನಗೆ ಎರಡು ವರ್ಷ ಹಿಡಿದಿದೆ.

ನಡುವೆ ಸುಮ್ನೆ ಕಿಲೋ ಲೆಕ್ಕವನ್ನೂ ಹಾಕಿ ನೋಡಿದೆ. ವಿಮಾನದ ಖಾಲಿ ತೂಕಕ್ಕೆ 2021ರ ಮೊತ್ತ ಹಂಚಿದರೆ ತೇಜಸ್ ಕಿಲೋಗೆ ಸುಮಾರು ಎಂಟೂವರೆ ಲಕ್ಷ ಬೀಳುತ್ತದೆ. 36 ರಫೇಲ್‌ಗೆ 59 ಸಾವಿರ ಕೋಟಿ ಹಿಡಿದರೆ ಹದಿನಾರು ಲಕ್ಷ. ಇದು ಯಾವುದಕ್ಕೂ ಉಪಯೋಗವಿಲ್ಲ, ಆದರೆ ಚಹಾ ಹೊತ್ತಿಗೆ ಚೆನ್ನಾಗಿರುತ್ತದೆ.

ತೇಜಸ್ ಯೋಜನೆಗೆ 1983ರಲ್ಲಿ ಮಂಜೂರಾದ 560 ಕೋಟಿಯನ್ನು ಇವತ್ತಿನ ಒಪ್ಪಂದದ ಪಕ್ಕ ಇಟ್ಟು "ನೂರು ಪಟ್ಟು" ಎನ್ನುವವರು ಇನ್ನೂ ಇದ್ದಾರೆ. ಅದು ವಿನ್ಯಾಸದ ಹಣ, ಇದು ಖರೀದಿಯ ಹಣ. ಅವರ ಜೊತೆ ವಾದ ಮಾಡೋದನ್ನು ಬಿಟ್ಟಿದ್ದೇನೆ.

ಈಗ ಎಎಂಸಿಎ, ಅಂದರೆ ಇನ್ನೂ ವಿನ್ಯಾಸದಲ್ಲಿರುವ ಮುಂದಿನ ದೇಶೀ ಫೈಟರ್‌ನ ಲೆಕ್ಕದ ಹಾಳೆ ತೆರೆದಿದ್ದೇನೆ. 2024ರಲ್ಲಿ ಸುಮಾರು 15 ಸಾವಿರ ಕೋಟಿ ಮಂಜೂರಾಗಿದೆ, ಐದು ಮಾದರಿ ವಿಮಾನ. ಅವತ್ತು ನಕ್ಕಿದ್ದ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿ, "ಒಂದಕ್ಕೆ ಮೂರು ಸಾವಿರ ಕೋಟಿಯಂತೆ, ಅಲ್ವಾ?" ಅಂದ.