ಎಲ್ಲ ಪಾತ್ರಗಳೂ ನನ್ನ ಹಾಗೇ ಮಾತಾಡುತ್ತಿದ್ದವು

ನನ್ನ ಕಥೆಯಲ್ಲಿ ಅತ್ತೆ, ಸೊಸೆ, ಮನೆ ಮಾಲೀಕ ಎಲ್ಲರದ್ದೂ ಒಂದೇ ದನಿ. ಹೆಸರು ಮುಚ್ಚಿ ಓದಿದರೆ ಯಾವ ಮಾತು ಯಾರದ್ದು ಅಂತ ಗೊತ್ತೇ ಆಗುತ್ತಿರಲಿಲ್ಲ. ವಯಸ್ಸು, ಎತ್ತರ, ಇಷ್ಟದ ಬಣ್ಣ ಅಂತ ಉದ್ದದ ಪಟ್ಟಿ ಬರೆದೆ. ಸುಮ್ನೆ ಹಾಳೆ ತುಂಬಿತು, ಅಷ್ಟೇ.

ಕೈಹಿಡಿದದ್ದು ಬೇರೆ ಉಪಾಯ. ಮೂವರಿಗೂ ಒಂದೇ ಕೆಲಸ ಕೊಟ್ಟೆ: ಕೊಟ್ಟ ಸಾಲ ವಾಪಸ್ ಕೇಳಬೇಕು. ಮಾಲೀಕ "ಏನಿಲ್ಲ, ಹೀಗೇ ಬಂದೆ" ಅಂತ ಕೂತ. ಹರಟೆ ಹೊಡೆದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಮುಖ ನೋಡದೆ ವಿಷಯ ತೆಗೆದ. ಸೊಸೆ ಕೇಳಲೇ ಇಲ್ಲ. ತನ್ನ ಖರ್ಚುಗಳನ್ನೇ ಹೇಳುತ್ತಾ ಹೋದಳು. ಅತ್ತೆ ನೇರವಾಗಿ ಕೇಳಿದರು. ಆಮೇಲೆ "ನಿಧಾನಕ್ಕೆ ಕೊಡು ಬಿಡು" ಅಂತ ಅವರೇ ಸಮಾಧಾನ ಮಾಡಿದರು. ಈಗ ಹೆಸರು ಮುಚ್ಚಿದರೂ ಗುರುತು ಸಿಗುತ್ತದೆ, ಅಲ್ವಾ?

ಈಗ ಪ್ರತಿ ಪಾತ್ರಕ್ಕೂ ಎರಡೇ ಪ್ರಶ್ನೆ. ಇವರಿಗೆ ಏನು ಬೇಕು? ಅದನ್ನು ಬಾಯಿಬಿಟ್ಟು ಕೇಳಲು ಏನು ಅಡ್ಡ? ನನ್ನ ಪ್ರಕಾರ ಎರಡನೆಯದಕ್ಕೇ ತೂಕ ಜಾಸ್ತಿ. ಮಾಲೀಕನಿಗೆ ನಾಚಿಕೆ, ಸೊಸೆಗೆ ಭಯ. ಇಷ್ಟು ಗೊತ್ತಾದರೆ ಮಾತು ತಾನಾಗಿ ಬರುತ್ತದೆ.

ಇದೇ ಪ್ರಶ್ನೆ ನಿಜವಾದ ಜನರ ಮೇಲೂ ಹಾಕುತ್ತಿದ್ದೇನೆ. ಸಿಡುಕಿ ಮಾತಾಡುವವರ ಮೇಲೆ ಮೊದಲಿನಷ್ಟು ಕೋಪ ಬರುವುದಿಲ್ಲ. ಆದರೆ ಪಾತ್ರದ ಕಾರಣ ನಾನೇ ಹುಟ್ಟಿಸಿದ್ದು, ನಂಬಬಹುದು. ಎದುರಿಗಿರುವವರ ಕಾರಣ ಬರೀ ಊಹೆ. ಹಾಗಾಗಿ ಅವರನ್ನೇ ಕೇಳಿಬಿಡುತ್ತೇನೆ.