ಕೋಳಿ ಕೊಂಡೋದದ್ದು ಯಾರು? ಮೊದಲು ಅದು ಗೊತ್ತಾಗ್ಲಿ, ಬಲೆ ಆಮೇಲೆ ತರುವ

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಹಿತ್ತಿಲಲ್ಲಿ ನಾಲ್ಕು ಊರ ಕೋಳಿ ಸಾಕುವವರನ್ನ ಮಾತಾಡ್ಸಿದ್ರೆ ಎಲ್ಲರದ್ದೂ ಒಂದೇ ದೂರು, ಮರಿ ಹತ್ತಿತ್ತು ಈಗ ಮೂರುಂಟು, ರಾತ್ರಿ ಎಂತದೋ ಬಂದು ಕೊಂಡೋಯ್ತು ಅಂತ. ಈ "ಎಂತದೋ" ಯಾವುದು ಅಂತ ತಿಳ್ಕೊಳ್ಳದೆ ಪೇಟೆಗೆ ಹೋಗಿ ಬಲೆ ತಂದ್ರೆ ದುಡ್ಡು ಹೋಗ್ತದೆ, ಕೋಳಿಯೂ ಹೋಗ್ತದೆ. ನರಿ ತಡೆಯುವ ಬಲೆಯಲ್ಲಿ ಹಾವು ಆರಾಮಲ್ಲಿ ನುಗ್ತದೆ, ಹಾವು ತಡೆಯುವ ಗೂಡಿನ ಬಾಗಿಲು ಗಟ್ಟಿ ಇಲ್ಲದಿದ್ರೆ ನಾಯಿ ಮುರಿದು ಹಾಕ್ತದೆ.

ಹಾಗಾಗಿ ಬೆಳಿಗ್ಗೆ ಎದ್ದು ಗರಿ ಗುಡಿಸುವ ಮೊದಲು ಸ್ವಲ್ಪ ನಿಂತು ನೋಡಿ. ಇಡೀ ಕೋಳಿಯೇ ಇಲ್ಲ, ತೋಟದ ಕಡೆಗೆ ಗರಿ ಉದುರ್ತಾ ಹೋಗಿದೆ ಅಂದ್ರೆ ಹೆಚ್ಚಾಗಿ ನರಿ ಅಥವಾ ನಾಯಿ. ಬೀದಿನಾಯಿ ಗುಂಪು ನುಗ್ಗಿದ್ರೆ ಒಂದಕ್ಕೇ ನಿಲ್ಲುದಿಲ್ಲ, ಸಿಕ್ಕಿದ್ದನ್ನೆಲ್ಲ ಕಚ್ಚಿ ಅಲ್ಲೇ ಬಿಸಾಡಿ ಹೋಗ್ತವೆ. ಕುತ್ತಿಗೆ, ತಲೆ ಹತ್ರ ಕಚ್ಚಿದ ಗಾಯ, ರಾತ್ರಿ ಆದದ್ದು ಅಂದ್ರೆ ಕಬ್ಬೆಕ್ಕು, ಪುನುಗು ಬೆಕ್ಕು ಅಥವಾ ಕಾಡುಬೆಕ್ಕಿನ ಮೇಲೆ ಅನುಮಾನ ಪಡಬಹುದು. ಅದೇ ಗಾಯ ಹಗಲು ಹೊತ್ತಲ್ಲಿ ಆದ್ರೆ ಮುಂಗುಸಿ, ಯಾಕಂದ್ರೆ ಮುಂಗುಸಿ ಹಗಲಿನ ಪ್ರಾಣಿ, ರಾತ್ರಿ ಅದು ಮಾಟೆಯಲ್ಲಿ ಮಲಗಿರ್ತದೆ. ರಕ್ತ ಇಲ್ಲ ಗರಿ ಇಲ್ಲ, ಮೊಟ್ಟೆಯೋ ಮರಿಯೋ ಮಾಯ ಆಗಿದೆ ಅಂದ್ರೆ ಹಾವು, ನಮ್ಮಲ್ಲಿ ಜಾಸ್ತಿ ಕೇರೆ, ಕೆಲವು ಸಲ ನಾಗರ, ಗುಡ್ಡೆ ಹತ್ರ ಇದ್ರೆ ಹೆಬ್ಬಾವು ದೊಡ್ಡ ಹೇಂಟೆಯನ್ನೂ ನುಂಗ್ತದೆ. ಬಯಲಲ್ಲಿ ಒಂದೇ ಕಡೆ ಗರಿ ಕಿತ್ತು ಹಾಕಿದ್ರೆ ಗಿಡುಗದ ಜಾತಿ.

ಯಾರು ಅಂತ ಅಂದಾಜು ಆದ ಮೇಲೆ ದುಡ್ಡು ಹಾಕುದಾದ್ರೆ ಮೊದಲು ರಾತ್ರಿ ಗೂಡಿಗೇ ಹಾಕಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುದಿಲ್ಲ, ಕೂತಲ್ಲಿಂದ ಏಳುದೂ ಇಲ್ಲ, ಹಿಡಿಯುವವರಿಗೆ ಅದಕ್ಕಿಂತ ಸುಲಭ ಬೇರೆ ಇಲ್ಲ. ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರ ಇರ್ಲಿ, ಕಾಲಿಗೆ ಜಿಐ ಪೈಪೋ ಕೆಂಪುಕಲ್ಲಿನ ಕಂಬವೋ ಸಾಕು. ನಾವು ಸುಮ್ನೆ ಅಡಿಕೆ ಮರ ಸೀಳಿ ದಬ್ಬೆ ಹಾಸಿ ಬಿಡ್ತೇವೆ, ಹಿಕ್ಕೆ ಕೆಳಗೆ ಬೀಳ್ಲಿಕ್ಕೆ ಅದು ಒಳ್ಳೆದೇ, ಆದ್ರೆ ದಬ್ಬೆ ಒಣಗಿದ ಹಾಗೆ ಸಂದು ಅಗಲ ಆಗ್ತದೆ, ಆ ಸಂದಲ್ಲಿ ಹಾವು ಹತ್ತಿ ಬರ್ತದೆ, ಹೆಗ್ಗಣ ಕೆಳಗಿಂದ ಕೋಳಿ ಕಾಲು ಕಚ್ತದೆ. ದಬ್ಬೆ ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದ್ರೆ ಬೆಸುಗೆ ಹಾಕಿದ ಗಟ್ಟಿ ತಂತಿ ಬಲೆ, ಹೊಡೀರಿ.

ಮೆಶ್ ವಿಷಯ ಸ್ವಲ್ಪ ಒತ್ತಿ ಹೇಳ್ಬೇಕು. ಅಂಗಡಿಯಲ್ಲಿ ಆರು ಮೂಲೆ ಕಣ್ಣಿನ ತೆಳು ಬಲೆ ಕೊಡ್ತಾರೆ, ಕೋಳಿ ಬಲೆ ಅಂತಲೇ ಹೆಸರು. ಅದು ಕೋಳಿ ಹೊರಗೆ ಹೋಗದ ಹಾಗೆ ಮಾಡ್ತದೆ ಅಷ್ಟೆ, ನಾಯಿ ಅದನ್ನ ಹಲ್ಲಲ್ಲೇ ಹರೀತದೆ, ಮರಿ ಕೇರೆ ಕಣ್ಣೊಳಗಿಂದಲೇ ದಾಟ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ಶಿಗೆ ರೇಟು ಜಾಸ್ತಿ ಹೌದು, ಗೂಡು ಚಿಕ್ಕದು ಮಾಡಿ ಆದ್ರೂ ಅದನ್ನೇ ಹಾಕಿ. ಬರೀ ಯು ಮೊಳೆ ಹೊಡೆದ್ರೆ ಎಳೆದಾಗ ಕಿತ್ತು ಬರ್ತದೆ, ಮೇಲಿಂದ ರೀಪು ಇಟ್ಟು ಸ್ಕ್ರೂ ಹಾಕಿ. ಬಾಗಿಲಿಗೆ ಒಂದು ಚಿಲಕ, ಕೆಳಗೆ ಇನ್ನೊಂದು ಕೊಂಡಿ, ಇಲ್ಲದಿದ್ರೆ ಕೆಳಗಿನ ಮೂಲೆ ಬಗ್ಗಿಸಿ ಒಳಗೆ ಬರ್ತವೆ. ಕಂಬದ ಸುತ್ತ ಒಂದೂವರೆ ಅಡಿ ನುಣುಪು ತಗಡು ಸುತ್ತಿದ್ರೆ ಇಲಿಗೆ ಹತ್ಲಿಕ್ಕೆ ಹಿಡಿತ ಸಿಗುದಿಲ್ಲ, ಆದ್ರೆ ಹಲಸಿನ ಗೆಲ್ಲು ಗೂಡಿನ ಮಾಡಿಗೆ ತಾಗ್ತಾ ಇದ್ರೆ ತಗಡು ಹಾಕಿಯೂ ಪ್ರಯೋಜನ ಇಲ್ಲ, ಗೆಲ್ಲು ಕಡೀಲೇ ಬೇಕು.

ಸುತ್ತ ಬೇಲಿ ಕಟ್ಟುವವರಿಗೆ ಬಲೆಯನ್ನ ಒಂದಡಿ ಹೂಳಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮುರಕಲ್ಲು ನೆಲದಲ್ಲಿ ಒಂದಡಿ ಅಗೆಯುವುದು ಅಂದ್ರೆ ಸಣ್ಣ ಕೆಲಸ ಅಲ್ಲ. ಅದರ ಬದಲು ಬಲೆಯ ಕೆಳಭಾಗ ಎರಡಡಿ ಹೊರಗಡೆಗೆ ನೆಲದ ಮೇಲೆ ಮಡಚಿ ಹಾಸಿ, ಮೇಲೆ ಕಲ್ಲು ಹೇರಿ. ನರಿ, ನಾಯಿ ಎಲ್ಲ ಬೇಲಿಯ ಬುಡದಲ್ಲೇ ಕೆರೆಯುವುದು, ಉಗುರಿಗೆ ಬಲೆ ಸಿಕ್ಕಿದ್ರೆ ಎರಡಡಿ ಹಿಂದೆ ಬಂದು ಅಲ್ಲಿಂದ ಕೆರೀಬೇಕು ಅಂತ ಅವಕ್ಕೆ ಹೊಳೆಯುದು ಕಡಿಮೆ.

ಹಗಲಿಗೆ ಕಾಗೆ, ಗಿಡುಗದಿಂದ ಮರಿ ಉಳಿಸ್ಲಿಕ್ಕೆ ಕುಂಬಳೆ, ಮಂಜೇಶ್ವರ ಕಡಲ ಬದಿಯಲ್ಲಿ ಹಳೇ ಮೀನು ಬಲೆ ಸಿಕ್ಕಿದ್ರೆ ತಂದು ಅಂಗಳದ ಒಂದು ಮೂಲೆಗೆ ಮೇಲಿಂದ ಕಟ್ಟಿ. ನೆಲಕ್ಕೆ ಮಾತ್ರ ಬಿಡ್ಬೇಡಿ, ನೈಲಾನ್ ಬಲೆಗೆ ಹಾವು ಸಿಕ್ಕಿಹಾಕ್ಕೊಂಡ್ರೆ ಬಿಡಿಸುವವರಿಗೂ ಅಪಾಯ. ಪಂಚಾಯತ್ ಸ್ಕೀಮಲ್ಲಿ ಸಿಗುವ ಗ್ರಾಮಶ್ರೀ ಅಂತಹ ತಳಿಯ ಮರಿಗಳಿಗೆ ತಾಯಿ ಇರುದಿಲ್ಲ, ಆಕಾಶದಲ್ಲಿ ನೆರಳು ಕಂಡ್ರೆ ಅಡಗಬೇಕು ಅಂತ ಕೂಗಿ ಹೇಳುವವರಿಲ್ಲ. ಅವನ್ನ ತಂದ ದಿನವೇ ತೋಟಕ್ಕೆ ಬಿಡಬೇಡಿ, ಒಂದು ವಾರ ಗೂಡಲ್ಲೇ ಇಟ್ರೆ ಆಮೇಲೆ ಸಂಜೆ ತಾವಾಗಿಯೇ ವಾಪಸ್ ಬರ್ತವೆ. ಮರಿ ಬಿಡ್ಲಿಕ್ಕೆ ಬಯಲಿಗಿಂತ ಪೊದೆ, ಬಾಳೆ ಇರುವ ಜಾಗ ಒಳ್ಳೆದು.

ಸಂಜೆ ಉಳಿದ ಅಕ್ಕಿ, ತವುಡು ಎಲ್ಲ ತೆಗೆದಿಡಿ, ಮೊಟ್ಟೆ ಆಯಾ ದಿನವೇ ತೆಗೀರಿ. ಕಾಳಿಗೆ ಇಲಿ, ಇಲಿಗೆ ಹಾವು ಬರ್ತದೆ. ಗೂಡಿನ ಹತ್ರ ಸೌದೆ, ತೆಂಗಿನ ಮಡಲು ರಾಶಿ ಹಾಕುದೂ ಬೇಡ.

ಇನ್ನು ಕೆಲವರು ಸಿಟ್ಟಲ್ಲಿ ಸತ್ತ ಕೋಳಿಗೆ ವಿಷ ಬೆರೆಸಿ ಇಡ್ತಾರೆ. ದಯವಿಟ್ಟು ಬೇಡ. ಅದನ್ನ ನರಿ ಮಾತ್ರ ತಿನ್ನುದಲ್ಲ, ಪಕ್ಕದ ಮನೆ ನಾಯಿ ತಿಂತದೆ, ಕಾಗೆ ತಿಂತದೆ, ಕಾಗೆ ತುಂಡನ್ನ ಬಾವಿಗೆ ಬೀಳಿಸ್ತದೆ. ಗೇರು ತೋಟಕ್ಕೆ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಎಣ್ಮಕಜೆಯಲ್ಲಿ ಜನರಿಗೆ ಎಂತ ಆಯ್ತು ಅಂತ ನೋಡಿದ ಊರು ನಮ್ಮದು, ಇಲ್ಲಿ ಮಣ್ಣಿಗೆ ಇನ್ನೊಂದು ಹನಿ ವಿಷ ಹಾಕ್ಲಿಕ್ಕೆ ಮನಸ್ಸು ಬರ್ಬಾರ್ದು. ಬೇಲಿಗೆ ಮನೆ ಕರೆಂಟು ಕೊಡುದು ಇನ್ನೂ ಕೆಟ್ಟದು, ಕತ್ತಲಲ್ಲಿ ಮಕ್ಕಳು ಮುಟ್ಟಿದ್ರೆ ಮುಗೀತು. ಮುಂಗುಸಿ, ಉಡ, ಹೆಬ್ಬಾವು ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರ್ತವೆ, ಕೊಂದ್ರೆ ಕೇಸಾಗ್ತದೆ. ಗೂಡಲ್ಲಿ ಹಾವು ಕಂಡ್ರೆ ಕೋಲು ಹುಡುಕ್ಬೇಡಿ, ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪಲ್ಲಿ ಹತ್ತಿರದ ಹಾವು ಹಿಡಿಯುವವರ ನಂಬರ್ ಸಿಗ್ತದೆ, ಅವ್ರು ಬರುವವರೆಗೆ ದೂರ ನಿಂತು ಅದು ಎಲ್ಲಿ ಹೋಗ್ತದೆ ಅಂತ ಕಣ್ಣಿಟ್ಟರೆ ಸಾಕು.

ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ, ಮೆಶ್ಶಿಗೆ ತುಕ್ಕು ಹಿಡಿದಿದೆಯಾ, ಮರದ ಕಾಲಿಗೆ ಗೆದ್ದಲು ಹತ್ತಿದೆಯಾ ನೋಡಿ ಸರಿ ಮಾಡಿ. ಜೂನಲ್ಲಿ ಜೋರು ಮಳೆ ಬಿದ್ದ ಮಾರನೇ ದಿನ ಬೇಲಿಯ ಬುಡ ಒಂದು ಸುತ್ತು ಹಾಕಿ ಬನ್ನಿ, ನೀರು ಹರಿದು ಮಣ್ಣು ಕೊಚ್ಚಿ ಹೋದ ಕಡೆ ಒಂದು ಕೈ ಹೋಗುವಷ್ಟು ಜಾಗ ಆಗಿರ್ತದೆ, ಮುಂಗುಸಿಗೆ ಅಷ್ಟು ಸಾಕು, ಅಲ್ಲಿಗೆ ಆಗಲೇ ಕಲ್ಲು ತುಂಬಿಸಿ.