ಬದನೆ, ಟೊಮೆಟೊ ಬೇರಲ್ಲಿ ಗಂಟು ಇದ್ದರೆ ಹೀಗೆ ಮಾಡಿ
ಹಾವೇರಿ ಕಡೆ ಬದನೆ, ಟೊಮೆಟೊ ಹಾಕಿದವರೇ, ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಗಿಡಕ್ಕೆ ಸುಮ್ನೆ ನೀರು ಬಿಡ್ತಾ ಹೋಗಬೇಡಿ. ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಸಾಸಿವೆಯಿಂದ ಕಡಲೆ ಗಾತ್ರದವರೆಗೆ ಗಂಟು ಇದ್ದರೆ ಅದು ಮಣ್ಣಲ್ಲಿರೋ, ಬರಿಗಣ್ಣಿಗೆ ಕಾಣದ ಜಂತುಹುಳುವಿನ (ನೆಮಟೋಡ್) ಕೆಲಸ. ಶೇಂಗಾ ಬೇರಿನ ಒಳ್ಳೆ ಗಂಟು ಉಗುರು ತಾಗಿದರೆ ಉದುರುತ್ತೆ. ಈ ಗಂಟು ಬೇರು ತಾನೇ ಊದಿಕೊಂಡಿದ್ದು, ಉದುರಲ್ಲ.

ಬೆಳೆದು ನಿಂತ ಗಿಡಕ್ಕೆ ಮಾಡೋದು ಅಷ್ಟಕ್ಕಷ್ಟೇ. ಮುಂದಿನ ನಾಟಿಗೆ ಈ ಹುಳು ಹತೋಟಿ ಮಾಡೋ ಗೊಬ್ಬರ ಈಗಲೇ ತಯಾರು ಮಾಡಿ. ಚೆನ್ನಾಗಿ ಕಳಿತ 1 ಟನ್ ತಿಪ್ಪೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ಬೆಳೆಗೆ ಒಳ್ಳೆ ಶಿಲೀಂಧ್ರ) 2 ಕೆಜಿ, ಸೂಡೊಮೊನಾಸ್ (ಒಳ್ಳೆ ಬ್ಯಾಕ್ಟೀರಿಯಾ) 2 ಕೆಜಿ, ಜೊತೆಗೆ ಬೇವಿನ ಹಿಂಡಿ ಬೆರೆಸಿ. ನೆರಳಲ್ಲಿ ರಾಶಿ ಹಾಕಿ, ಹಸಿ ಗೋಣಿಚೀಲ ಹೊದಿಸಿ 15 ದಿನ ಬಿಡಿ. ನಡುವೆ ನೀರು ಚಿಮುಕಿಸಿ ತಿರುವುತ್ತಿರಿ. ಮೊದಲ ಸಲ ನಾನು ಬಿಸಿಲಲ್ಲೇ ಬಿಟ್ಟು ಎಲ್ಲಾ ಒಣಗಿಸಿ ಕೂತಿದ್ದೆ! ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ನೀರು ಸೋರಬಾರದು. ಅಷ್ಟೇ ತೇವ ಸಾಕು.

ನಾಟಿಗೆ ಮುಂಚೆ ಸಾಲಿಗೆ ಹಾಕಿ ಮಣ್ಣು ಮುಚ್ಚಿ. ಆಮೇಲೆ ಬುಡಕ್ಕೆ ಶಿಲೀಂಧ್ರನಾಶಕ ಸುರಿಯಬೇಡಿ, ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ ಅಲ್ವಾ? ಪ್ಯಾಕೆಟ್ ತಗೊಳ್ಳುವಾಗ ಅವಧಿ ಮುಗಿಯುವ ದಿನಾಂಕ ನೋಡೋದು ಮರೀಬೇಡಿ.